ಟಿಲ್ಲರ್ ಬೆಲ್ಟ್‌ಗೆ ಬಗ್ಗಿದ ಆಯಿಲ್ ಫಿಲ್ಟರ್

ದೀಪಾವಳಿಗೆ ಊರಿಗೆ ಹೋದಾಗ ಬೈಕಿನ ಆಯಿಲ್ ಬದಲಾಯಿಸಬೇಕು ಅಂತ ಬೆಂಗಳೂರಿನಿಂದಲೇ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಹೊಸ ಫಿಲ್ಟರ್, ಆಯಿಲ್ ಡಬ್ಬಿಗಳು, ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಹೊಸ ವಾಷರ್, ಫಿಲ್ಟರ್ ಬಿಚ್ಚುವ ಕಪ್ ಸ್ಪ್ಯಾನರ್. ಬಾಡಿಗೆ ಮನೆಯ ಪಾರ್ಕಿಂಗ್‌ನಲ್ಲಿ ಬೈಕ್ ಬಿಚ್ಚಿಕೊಂಡು ಕೂರುವಷ್ಟು ಜಾಗ ಇಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಂಗಳ ಇದೆ, ನೆರಳಿದೆ, ಬೇಕಾದರೆ ಕೈ ಕೊಡುವ ಜನ ಇದ್ದಾರೆ. ಪಾಡ್ಯದ ದಿನ ಗೋಪೂಜೆ ಮುಗಿದು, ಊಟ ಆಗಿ, ಮಧ್ಯಾಹ್ನ ಮೂರಕ್ಕೆ ಕೂತೆ. ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ಎದ್ದಾಗ ರಾತ್ರಿ ಎಂಟಾಗಿತ್ತು.

ನನ್ನದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಕ್ಲಾಸಿಕ್ 350, ಪಲ್ಸರ್ ಥರದ ಬೈಕ್‌ಗಳಲ್ಲಿ ಎಂಜಿನ್ ಪಕ್ಕದ ಸಣ್ಣ ಮುಚ್ಚಳದ ಬೋಲ್ಟ್ ಬಿಚ್ಚಿದರೆ ಒಳಗೆ ಫಿಲ್ಟರ್ ಇರುತ್ತದೆ. ಕೈಯಲ್ಲಿ ಎಳೆದರೆ ಬರುತ್ತದೆ. ಇದರಲ್ಲಿ ಹಾಗಲ್ಲ. ಕಾರು, ಟ್ರ್ಯಾಕ್ಟರ್‌ಗಳಲ್ಲಿ ಇರುವ ಹಾಗೆ ತಗಡಿನ ಡಬ್ಬಿ. ಡಬ್ಬಿಯ ಬುಡದಲ್ಲೇ ಥ್ರೆಡ್ ಇರುತ್ತದೆ. ಎಂಜಿನ್‌ನಿಂದ ಹೊರಗೆ ಬಂದಿರುವ ಟೊಳ್ಳು ಸ್ಟಡ್‌ಗೆ ಇಡೀ ಡಬ್ಬಿಯನ್ನೇ ತಿರುಗಿಸಿ ಕೂರಿಸುವುದು. ಎಂಜಿನ್‌ಗೂ ಡಬ್ಬಿಗೂ ನಡುವೆ ಒಂದು ರಬ್ಬರ್ ರಿಂಗ್. ಬದಲಾಯಿಸುವುದಕ್ಕೆ ಇದರಷ್ಟು ಸುಲಭದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಹಿಂದಿನ ಸಲ ಕೂರಿಸಿದವರು ಸರಿಯಾಗಿ ಕೂರಿಸಿರಬೇಕು.

ಹಿಂದಿನ ಸಲ ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ನಾನು ಎದುರಿಗೆ ನಿಂತಿರಲಿಲ್ಲ. ಆಫೀಸಿಗೆ ಹೋಗುವಾಗ ಬಿಟ್ಟು, ಸಂಜೆ ತಂದಿದ್ದೆ. ಅಲ್ಲಿಂದ 10,000 ಕಿಲೋಮೀಟರ್ ಓಡಿಸಿದ್ದೇನೆ, ಒಂದು ಹನಿ ಆಯಿಲ್ ಸೋರಿರಲಿಲ್ಲ. ಹಾಗಾಗಿ ಅನುಮಾನವೇ ಬಂದಿರಲಿಲ್ಲ.

ಅಂಗಳಕ್ಕೆ ಹಬ್ಬಕ್ಕೆ ಅಂತ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಇನ್ನು ಕೆಲವು ದಿನದಲ್ಲಿ ಅಡಿಕೆ ಹರವುವ ಜಾಗ ಅದು. "ಒಂದು ತೊಟ್ಟು ಎಣ್ಣೆ ಬಿದ್ರೂ ನೀನೇ ಕೆರೆದು ತೆಗಿಬೇಕು" ಅಂದರು ಅಮ್ಮ. ಅವರು ಹೇಳಿದ್ದು ಸರಿಯೇ. ಕೊಟ್ಟಿಗೆ ಪಕ್ಕಕ್ಕೆ ಬೈಕ್ ತಳ್ಳಿಕೊಂಡು ಹೋಗಿ, ದಪ್ಪ ಹಲಗೆಯ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿದೆ. ಕೆಳಗೆ ಹಳೆ ಪ್ಲಾಸ್ಟಿಕ್ ಟಬ್. ಫಿಲ್ಟರ್ ಕೆಳಗೆ ದೊಡ್ಡದೊಂದು ಅಡಿಕೆ ಹಾಳೆ ಮಡಚಿ, ದೋಣಿ ಥರ ಮಾಡಿ ಇಟ್ಟೆ. ಫಿಲ್ಟರ್ ಬಿಚ್ಚುವಾಗ ಆಯಿಲ್ ಎಂಜಿನ್ ಮೈಮೇಲೇ ಹರಿದು ಎಲ್ಲೆಲ್ಲೋ ತೊಟ್ಟಿಕ್ಕುತ್ತದೆ. ಹಾಳೆ ಇದ್ದರೆ ನೇರ ಟಬ್ಬಿಗೆ ಇಳಿಯುತ್ತದೆ. ಯಾವ ಟ್ರೇಗಿಂತಲೂ ಚೆನ್ನಾಗಿ ಕೆಲಸ ಮಾಡಿತು.

ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಡ್ರೈನ್ ಬೋಲ್ಟ್ ಬಿಚ್ಚಿದೆ. ಕಪ್ಪು ಆಯಿಲ್ ಸಣ್ಣ ಧಾರೆಯಾಗುವವರೆಗೂ ಬಿಟ್ಟೆ. ಇಲ್ಲಿಯೇ ನಾನು ಮೊದಲ ತಪ್ಪು ಮಾಡಿದ್ದು. ಆಯಿಲ್ ಇಳಿಸುವ ಮುಂಚೆ ಫಿಲ್ಟರ್ ಅಲ್ಲಾಡುತ್ತದಾ ಅಂತ ನೋಡಬೇಕಿತ್ತು. ಆಗ ಅದು ಜಾಮ್ ಆಗಿದೆ ಅಂತ ಗೊತ್ತಾಗಿದ್ದರೆ ಸುಮ್ನೆ ಬೈಕ್ ಓಡಿಸಿಕೊಂಡು ಯಾವುದಾದರೂ ವರ್ಕ್‌ಶಾಪಿಗೆ ಹೋಗಬಹುದಿತ್ತು. ಆಯಿಲ್ ಇಳಿದ ಮೇಲೆ ಬೈಕ್ ನಿಂತಲ್ಲೇ ನಿಂತ ಹಾಗೆ. ಇದನ್ನು ಓದುತ್ತಿರುವವರು ಬೇರೆ ಎಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ: ಮೊದಲು ಫಿಲ್ಟರ್ ಸ್ವಲ್ಪ ಲೂಸ್ ಮಾಡಿ ನೋಡಿ, ಆಮೇಲೆ ಡ್ರೈನ್ ಬೋಲ್ಟ್.

ಫಿಲ್ಟರ್ ಇರುವುದು ಎಂಜಿನ್ ಮುಂಭಾಗದಲ್ಲಿ, ಮುಂದಿನ ಚಕ್ರದ ಹಿಂದೆ, ಹೊಗೆ ಹೋಗುವ ಎರಡು ಬೆಂಡ್ ಪೈಪ್‌ಗಳ ನಡುವೆ. ಅರ್ಧ ಗಂಟೆ ಕಾಯಬೇಕಾಯಿತು. ಬೆಂಡ್ ಪೈಪ್ ಬಿಸಿ ಇರುವಾಗ ಅಲ್ಲಿ ಕೈ ಹಾಕಿದರೆ ಮಣಿಕಟ್ಟಿನ ಚರ್ಮ ಹೋಗುತ್ತದೆ. ಆರಿದ ಮೇಲೆ ಕೈಯಲ್ಲಿ ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ. ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಉಪ್ಪು ಕಾಗದ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಉಹೂಂ.

ಕಪ್ ಸ್ಪ್ಯಾನರ್ ಅಂದರೆ ಬಟ್ಟಲಿನ ಥರದ್ದು. ಡಬ್ಬಿಯ ತಲೆಯಲ್ಲಿರುವ ಪಟ್ಟಿಗಳಿಗೆ ಒಳಗಿನ ಪಟ್ಟಿಗಳು ಕೂರಬೇಕು. ಅದಕ್ಕೆ ರ‍್ಯಾಚೆಟ್ ಹಾಕಿ ಒತ್ತಿದೆ. ಮೊದಲ ಸಲ ಹಿಡಿಯಿತು. ಎರಡನೇ ಸಲ "ಟಕ್" ಅಂತ ಜಾರಿತು. ತೆಗೆದು ನೋಡಿದರೆ ಪಟ್ಟಿಗಳ ಮೂಲೆ ಉಜ್ಜಿ ಹೋಗಿ ಬೆಳ್ಳಗೆ ಕಾಣುತ್ತಿತ್ತು. ನನ್ನ ಕಪ್ ಹೊಸ ಫಿಲ್ಟರ್‌ಗೆ ಸರಿಯಾಗಿ ಕೂರುತ್ತಿತ್ತು. ಆದರೆ ಬೈಕಿನಲ್ಲಿ ಇದ್ದದ್ದು ಬೇರೆ ಕಂಪನಿಯ ಫಿಲ್ಟರ್, ಒಂದು ಕೂದಲೆಳೆ ಸಣ್ಣದು. ಕಡಿಮೆ ಬಿಗಿ ಇದ್ದಿದ್ದರೆ ಆ ವ್ಯತ್ಯಾಸ ತೊಂದರೆ ಕೊಡುತ್ತಿರಲಿಲ್ಲ. ಇನ್ನೆರಡು ಸಲ ಪ್ರಯತ್ನಿಸಿದ ಮೇಲೆ ಡಬ್ಬಿಯ ತಲೆ ಪೂರಾ ದುಂಡಗಾಯಿತು.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೂ ಇದೇ ಬೈಕ್. "ಉದ್ದ ಸ್ಕ್ರೂ ಡ್ರೈವರ್ ತಗೊಂಡು ಡಬ್ಬಿಗೆ ಅಡ್ಡ ಹೊಡಿ ಮಗಾ, ಆ ಕಡೆಯಿಂದ ಈ ಕಡೆಗೆ ಬರೋ ಹಾಗೆ. ಅದನ್ನೇ ಹಿಡಿದು ತಿರುಗಿಸು, ಬರುತ್ತೆ" ಅಂದ. ಎಲ್ಲರೂ ಹೇಳುವ ಉಪಾಯವೇ ಅದು. ಹೊಡೆದೆ. ಡಬ್ಬಿಯೊಳಗೆ ಉಳಿದಿದ್ದ ಆಯಿಲ್ ಬಳಬಳ ಅಂತ ಹಾಳೆಗೆ ಇಳಿಯಿತು. ಸ್ಕ್ರೂ ಡ್ರೈವರ್ ಹಿಡಿದು ಎಳೆದೆ. ಬಗ್ಗಿದ ಹಾಗಾಯಿತು. ಬಂತು ಅಂದುಕೊಂಡು ಇನ್ನೂ ಜೋರಾಗಿ ಎಳೆದೆ. ಬಗ್ಗಿದ್ದು ತಗಡು. ಎರಡು ಇಂಚು ಉದ್ದಕ್ಕೆ ಹರಿದುಕೊಂಡು ಬಂತು, ಒಳಗಿನ ಮಡಿಕೆ ಮಡಿಕೆ ಕಾಗದ ಕಾಣುವ ಹಾಗೆ. ಬುಡ ಒಂದು ಚೂರೂ ಕದಲಿರಲಿಲ್ಲ.

ಹಾಗ್ಯಾಕೆ ಆಗುತ್ತದೆ ಅಂತ ಆಮೇಲೆ ಡಬ್ಬಿ ಕೊಯ್ದು ನೋಡಿದಾಗ ಸರಿಯಾಗಿ ಅರ್ಥವಾಯಿತು. ಹೊರಗಿನ ಡಬ್ಬಿ ತೆಳು ತಗಡು. ಥ್ರೆಡ್ ಇರುವುದು ಬುಡದ ದಪ್ಪ ತಟ್ಟೆಯಲ್ಲಿ. ತಗಡಿನ ಅಂಚನ್ನು ಮಡಚಿ ಆ ತಟ್ಟೆಗೆ ಸೇರಿಸಿರುತ್ತಾರೆ. ರಬ್ಬರ್ ಕಚ್ಚಿ ಹಿಡಿದಿರುವುದು ಬುಡದಲ್ಲಿ. ನಾವು ಸ್ಕ್ರೂ ಡ್ರೈವರ್ ಹೊಡೆಯುವುದು ಬುಡದಿಂದ ದೂರ, ತಗಡಿನ ನಡುಮಧ್ಯಕ್ಕೆ. ಅಷ್ಟು ಬಲವನ್ನು ಆ ತಗಡು ಬುಡದವರೆಗೆ ಸಾಗಿಸಲಾರದು. ಫಿಲ್ಟರ್ ಸ್ವಲ್ಪ ಮಾತ್ರ ಬಿಗಿ ಇದ್ದರೆ ಈ ಉಪಾಯ ನಡೆಯುತ್ತದೆ. ಆದರೆ ಸ್ವಲ್ಪ ಮಾತ್ರ ಬಿಗಿ ಇದ್ದರೆ ಬೇರೆ ಉಪಾಯಗಳೂ ನಡೆಯುತ್ತವೆ ಅಲ್ವಾ? ನಿಜವಾಗಿ ಜಾಮ್ ಆಗಿದ್ದಾಗ ಇದು ಡಬ್ಬಿ ಹಾಳು ಮಾಡುತ್ತದೆ. ಆಮೇಲೆ ಹಿಡಿಯುವುದಕ್ಕೂ ಜಾಗ ಇರುವುದಿಲ್ಲ. ಹಾಗಾಗಿ ನಾನಂತೂ ಯಾರಿಗೂ ಇದನ್ನು ಮೊದಲ ದಾರಿಯಾಗಿ ಹೇಳುವುದಿಲ್ಲ.

ಆಗ ಗಂಟೆ ಐದೂವರೆ. ಹಬ್ಬ ಅಂತ ತೀರ್ಥಹಳ್ಳಿಯಲ್ಲಿ ಅಂಗಡಿ, ಗ್ಯಾರೇಜು ಎಲ್ಲ ಬಂದ್. ಮರುದಿನ ಬೆಳಿಗ್ಗೆ ನಾನು 300 ಕಿಲೋಮೀಟರ್‌ಗೂ ಜಾಸ್ತಿ ಓಡಿಸಿಕೊಂಡು ಬೆಂಗಳೂರು ಸೇರಬೇಕು. ಎಂಜಿನ್‌ನಲ್ಲಿ ಆಯಿಲ್ ಇಲ್ಲ, ಫಿಲ್ಟರ್ ಹರಿದಿದೆ. ಕೈಯೆಲ್ಲ ಕಪ್ಪು. ತಲೆ ಎತ್ತಿ ನೋಡಿದರೆ ಚಿಕ್ಕಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ.

ಚಿಕ್ಕಪ್ಪ ಮೆಕ್ಯಾನಿಕ್ ಅಲ್ಲ. ಆದರೆ ಮನೆಯ ಟಿಲ್ಲರ್, ಪಂಪ್‌ಸೆಟ್, ಔಷಧಿ ಹೊಡೆಯುವ ಮಿಷನ್, ಎಲ್ಲದರ ರಿಪೇರಿಯೂ ಅವರದ್ದೇ. ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಮಿಷನ್ ನಿಂತರೆ ಶಿವಮೊಗ್ಗದಿಂದ ಯಾರೋ ಬರುವವರೆಗೆ ಕಾಯುವುದಕ್ಕೆ ಆಗುವುದಿಲ್ಲ. ಕೂತು ಫಿಲ್ಟರ್ ಮುಟ್ಟಿ ನೋಡಿದರು. ಹರಿದ ತಗಡಿನ ಅಂಚನ್ನು ಬೆರಳಲ್ಲಿ ಒತ್ತಿದರು.

"ತಲೆ ಹಿಡಿದು ಎಳೆದಿದ್ದೀಯ ಮಾರಾಯ. ಬುಡ ಹಿಡೀಬೇಕು" ಅಂದರು.

ಹಂಡೆಯಲ್ಲಿ ಬಿಸಿನೀರಿದೆ, ಫಿಲ್ಟರ್ ಮೇಲೆ ಸುರಿಯೋಣ್ವಾ, ರಬ್ಬರ್ ಮೆತ್ತಗಾಗಬಹುದು ಅಂದೆ. "ತೂತು ಮಾಡಿ ಇಟ್ಟಿದ್ದೀಯ, ನೀರು ಎಂಜಿನ್ ಒಳಗೆ ಹೋದ್ರೆ?" ಅಂತ ಕೇಳಿದರು. ಅದೂ ನಿಜ. ಕೊಟ್ಟಿಗೆಯ ಅಟ್ಟದಿಂದ ಹಳೆ ಟಿಲ್ಲರ್ ಬೆಲ್ಟ್ ಒಂದನ್ನು ತಂದರು. ಸವೆದು ಬಿಸಾಡಿದ್ದ ಬೆಲ್ಟ್. ಅದನ್ನು ಕತ್ತರಿಸಿ, ಒಂದಡಿ ಉದ್ದದ ಕಬ್ಬಿಣದ ರಾಡಿಗೆ ತುದಿಯಿಂದ ಎರಡು ಇಂಚು ಹಿಂದೆ ಬೋಲ್ಟ್ ಹಾಕಿ ಕಟ್ಟಿದರು. ಡಬ್ಬಿಗೆ ಬೆಲ್ಟ್ ಸುತ್ತಿದಾಗ ರಾಡಿನ ತುದಿ ಡಬ್ಬಿಗೆ ಒತ್ತಿಕೊಂಡು ನಿಲ್ಲುತ್ತದೆ. ರಾಡ್ ಎಳೆದಷ್ಟೂ ಬೆಲ್ಟ್ ಬಿಗಿಯಾಗುತ್ತದೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು ಕಾಲಿಗೆ ಹಾಕುವ ಬಳೆಯಂಥ ತಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೈಭಾರ ಬಿಟ್ಟಷ್ಟೂ ಅದು ಮರವನ್ನು ಅಪ್ಪಿ ಹಿಡಿಯುತ್ತದೆ. ಇದೇ ಕೆಲಸ ಮಾಡುವ ಸ್ಟ್ರಾಪ್ ರೆಂಚ್ ಅಂಗಡಿಯಲ್ಲೂ ಸಿಗುತ್ತದೆ. ನಾನೂ ಈಗ ಒಂದು ಇಟ್ಟುಕೊಂಡಿದ್ದೇನೆ.

ಮೊದಲ ಸಲ ಬೆಲ್ಟ್ ಜಾರಿತು. ಡಬ್ಬಿಯೆಲ್ಲ ಆಯಿಲ್ ಮೆತ್ತಿಕೊಂಡಿತ್ತು. ಪೆಟ್ರೋಲ್‌ನಿಂದ ಎಷ್ಟು ಒರೆಸಿದರೂ ಹರಿದ ಕಡೆಯಿಂದ ಮತ್ತೆ ಜಿನುಗುತ್ತಿತ್ತು. ಚಿಕ್ಕಪ್ಪ ಬಚ್ಚಲೊಲೆಯಿಂದ ಒಂದು ಮುಷ್ಟಿ ತಣ್ಣನೆ ಬೂದಿ ತಂದರು. ಹರಿದ ಜಾಗಕ್ಕೆ ಮೊದಲು ಬಟ್ಟೆ ಬಿಗಿದು ಕಟ್ಟಿ, ಬುಡದ ಸುತ್ತ ಡಬ್ಬಿಗೆ ಮಾತ್ರ ಬೂದಿ ತಿಕ್ಕಿ, ಒರೆಸಿ, ಮತ್ತೆ ತಿಕ್ಕಿದರು. ಎಣ್ಣೆ ಪಾತ್ರೆ ತಿಕ್ಕಿದ ಹಾಗೆ. ಆಮೇಲೆ ಮುಟ್ಟಿದರೆ ತಗಡು ಒರಟೊರಟು, ಬೆರಳು ಜಾರುತ್ತಿರಲಿಲ್ಲ. ಬೂದಿ ಎಂಜಿನ್ ಒಳಗೆ ಹೋಗಬಾರದು ಅನ್ನುವುದು ಇಲ್ಲಿ ಮುಖ್ಯ. ಫಿಲ್ಟರ್ ಇನ್ನೂ ಕೂತೇ ಇತ್ತು, ಹಾಗಾಗಿ ಎಂಜಿನ್ ಕಡೆಯ ತೂತು ಮುಚ್ಚಿತ್ತು. ಬಿಚ್ಚುವ ಮುಂಚೆ ಸುತ್ತಲಿನ ಬೂದಿಯನ್ನೆಲ್ಲ ಬ್ರಷ್‌ನಿಂದ ಗುಡಿಸಿ ತೆಗೆದೆವು.

ಎರಡನೇ ಸಲವೂ ಜಾರಿತು, ಯಾಕೆಂದರೆ ಬೆಲ್ಟನ್ನು ಉಲ್ಟಾ ಸುತ್ತಿದ್ದೆ. ಬಿಚ್ಚುವ ದಿಕ್ಕಿಗೆ ಎಳೆದಾಗ ಬೆಲ್ಟ್ ಬಿಗಿಯಾಗಬೇಕು. ನಾನು ಸುತ್ತಿದ್ದರಲ್ಲಿ ಅದು ಸಡಿಲವಾಗುತ್ತಿತ್ತು. ದಿಕ್ಕಿನ ವಿಷಯದಲ್ಲಿ ಒಂದು ಮಾತು. ಈ ಬೈಕಿನಲ್ಲಿ ಫಿಲ್ಟರ್ ಮುಖ ಮುಂದಕ್ಕಿದೆ. ಮುಂದಿನ ಚಕ್ರದ ಕಡೆಯಿಂದ ನೋಡುತ್ತಿದ್ದೇವೆ ಅಂದುಕೊಂಡು, ಬಾಟಲಿ ಮುಚ್ಚಳ ತೆಗೆಯುವ ಹಾಗೆ ಎಡಕ್ಕೆ ತಿರುಗಿಸಬೇಕು. ಪಕ್ಕದಲ್ಲಿ ಕೂತು, ತಲೆ ಓರೆ ಮಾಡಿಕೊಂಡು, ಬೆವರು ಕಣ್ಣಿಗೆ ಇಳಿಯುತ್ತಿರುವಾಗ ಎಡ ಬಲ ಅದಲು ಬದಲಾಗುವುದು ಬಹಳ ಸುಲಭ. ರಾಡನ್ನು ಬೆಂಡ್ ಪೈಪ್‌ಗಳ ನಡುವಿಂದ ಓರೆಯಾಗಿ ಕೆಳಕ್ಕೆ ಬಿಟ್ಟರೆ, ಅದರ ಕೆಳತುದಿ ಸೈಡ್ ಸ್ಟ್ಯಾಂಡ್ ಇರುವ ಕಡೆಗೆ ಬರಬೇಕು. ಅದನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬಾಣ ಹಾಕಿ ಗುರುತು ಮಾಡಿಕೊಂಡೆ.

ಮೂರನೇ ಸಲ ಬೆಲ್ಟನ್ನು ಪೂರಾ ಬುಡಕ್ಕೆ ಸರಿಸಿದೆವು, ತಗಡು ಮಡಚಿದ ಏಣಿನ ಹತ್ತಿರಕ್ಕೆ. ಅಲ್ಲಿ ತಟ್ಟೆ ಒಳಗಿನಿಂದ ಆಸರೆ ಕೊಡುತ್ತದೆ, ಡಬ್ಬಿ ಸೊಟ್ಟಗಾಗುವುದಿಲ್ಲ. ನಾನು ರಾಡ್ ಹಿಡಿದೆ. ಚಿಕ್ಕಪ್ಪ ಮೊಂಡು ಚಾಣ ಒಂದನ್ನು ಆ ಏಣಿಗೆ ಕೊಟ್ಟು, ಬಿಚ್ಚುವ ದಿಕ್ಕಿಗೇ, ಸಣ್ಣ ಸುತ್ತಿಗೆಯಲ್ಲಿ ಟಿಕ್ ಟಿಕ್ ಅಂತ ತಟ್ಟುತ್ತಾ ಬಂದರು. ಹೊಡೆತ ಅನ್ನುವಂಥದ್ದಲ್ಲ, ತೆಂಗಿನಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡುವಷ್ಟು. ಎಂಜಿನ್ ಮೈ ಅಲ್ಯೂಮಿನಿಯಂ. ಚಾಣ ಜಾರಿ ಅಲ್ಲಿ ಕಚ್ಚು ಬಿದ್ದರೆ ಹೊಸ ಫಿಲ್ಟರ್ ಹಾಕಿದರೂ ಆಯಿಲ್ ಸೋರುತ್ತದೆ. ಅವರ ಎಡಗೈ ಹೆಬ್ಬೆರಳು ಯಾವಾಗಲೂ ಚಾಣಕ್ಕೂ ಎಂಜಿನ್‌ಗೂ ನಡುವೆ ಇತ್ತು.

"ಜರ್ಕ್ ಕೊಡಬೇಡ. ಎಳೆದು ಹಿಡ್ಕೊ, ಸುಮ್ನೆ ಹಿಡ್ಕೊ" ಅಂತ ಹೇಳುತ್ತಲೇ ಇದ್ದರು.

ಹಿಡಿದುಕೊಂಡೆ. ತೋಳು ನಡುಗುತ್ತಿತ್ತು. ಕತ್ತಲಾಗಿತ್ತು, ತಂಗಿ ಮೊಬೈಲ್ ಟಾರ್ಚ್ ಹಿಡಿದಿದ್ದಳು. ಎರಡು ನಿಮಿಷವಾದರೂ ಆಗಿರಬೇಕು. ಆಮೇಲೆ "ಕಿರ್" ಅಂತ ಒಂದು ಸದ್ದು. ಹಳೆ ಬಾಗಿಲು ತೆರೆದ ಹಾಗೆ. ರಾಡ್ ಒಂದು ಬೆರಳಷ್ಟು ಸರಿಯಿತು. ಮತ್ತೆ ತಗಡು ಹರಿಯಿತೇನೋ ಅಂತ ಎದೆ ಧಸಕ್ಕೆಂದಿತು. ತಂಗಿ ಬಗ್ಗಿ ನೋಡಿ, "ಬುಡನೇ ತಿರುಗಿದೆ ಅಣ್ಣಾ" ಅಂದಳು. ಇನ್ನೆರಡು ಸಲ ಬೆಲ್ಟ್ ಹಾಕಿ ಎಳೆದ ಮೇಲೆ ಕೈಗೇ ಬಂತು. ಹಾಳೆಯ ಮೇಲೆ ಆಯಿಲ್ ಹರಿಯಿತು. ಅಂಗಳಕ್ಕೆ ಒಂದು ತೊಟ್ಟೂ ಬೀಳಲಿಲ್ಲ.

ಫಿಲ್ಟರ್ ತಿರುಗಿಸಿ ನೋಡಿದೆ. ಬುಡದಲ್ಲಿ ರಬ್ಬರ್ ರಿಂಗ್ ಇರಲಿಲ್ಲ. ಅದು ಕೂರಬೇಕಾದ ಜಾಗ ಖಾಲಿ. ಟಾರ್ಚ್ ಬಿಟ್ಟು ನೋಡಿದರೆ ರಿಂಗ್ ಎಂಜಿನ್‌ಗೇ ಅಂಟಿಕೊಂಡಿತ್ತು. ಕಪ್ಪು ಮೇಲೆ ಕಪ್ಪು, ಸುಮ್ನೆ ನೋಡಿದರೆ ಕಾಣುವುದೇ ಇಲ್ಲ. ಇದನ್ನು ಗಮನಿಸದೆ ಮೇಲೆ ಹೊಸ ಫಿಲ್ಟರ್ ಹಾಕಿದ್ದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತಿತ್ತು. ಆಯಿಲ್ ಪ್ರೆಶರ್‌ಗೆ ಅವು ಸರಿದುಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಆಯಿಲ್ ಹೊರಗೆ ಚೆಲ್ಲುತ್ತದೆ. ಅದೂ ಹಿಂದಿನ ಚಕ್ರದ ದಾರಿಯಲ್ಲೇ. ಫಿಲ್ಟರ್ ಬಿಚ್ಚಿದ ಮೇಲೆ ಹಳೆ ರಿಂಗ್ ಕಣ್ಣಲ್ಲಿ ಕಂಡು, ಕೈಯಲ್ಲಿ ಹಿಡಿದ ಹೊರತು ಹೊಸದನ್ನು ಮುಟ್ಟಲೇಬೇಡಿ.

ಅದನ್ನು ಕೆರೆಯುವುದಕ್ಕೆ ಕಬ್ಬಿಣ ಬಳಸುವ ಹಾಗಿಲ್ಲ. ಅಡಿಕೆ ದಬ್ಬೆಯ ಚೂರೊಂದನ್ನು ಚೂಪಾಗಿ ಕೆತ್ತಿ, ಅಂಚಿನಿಂದ ನಿಧಾನಕ್ಕೆ ಎಬ್ಬಿಸಿದೆ. ತುಂಡು ತುಂಡಾಗಿ ಬಂತು. ರಬ್ಬರ್ ಅಂತ ಹೇಳುವುದಕ್ಕೆ ಆಗದು, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತಿತ್ತು. ಒಂದು ಬದಿ ಚಪ್ಪಟೆಯಾಗಿ, ತಿರುಚಿಕೊಂಡ ಗೆರೆಗಳು ಮೂಡಿದ್ದವು. ಹಾಕುವಾಗ ಏನಾಗಿತ್ತು ಅಂತ ಆ ಗೆರೆಗಳೇ ಹೇಳುತ್ತಿದ್ದವು. ರಿಂಗ್‌ಗೆ ಆಯಿಲ್ ಸವರಿರಲಿಲ್ಲ. ಆಯಿಲ್ ಇದ್ದರೆ ರಬ್ಬರ್ ಲೋಹದ ಮೇಲೆ ಜಾರಿಕೊಂಡು ಬಂದು ಸಮವಾಗಿ ಅಮುಕುತ್ತದೆ. ಒಣ ರಬ್ಬರ್ ಕಚ್ಚಿಕೊಂಡು ತಿರುಚುತ್ತದೆ. ಅದರ ಮೇಲೆ ಸ್ಪ್ಯಾನರ್ ಹಾಕಿ ಎಳೆದು ಬಿಗಿ ಮಾಡಿದ್ದಾರೆ. ಆಮೇಲೆ 10,000 ಕಿಲೋಮೀಟರ್ ದಿನಾ ಕಾದು, ದಿನಾ ಆರಿ, ರಬ್ಬರ್ ಗಟ್ಟಿಯಾಗಿ ಅಂಟಿಕೊಂಡಿದೆ. ಹಾಕುವವರಿಗೆ ಒಂದು ಬೆರಳು ಆಯಿಲ್ ಸವರುವುದಕ್ಕೆ ಐದು ಸೆಕೆಂಡ್ ಬೇಕಿತ್ತು. ನನಗೆ ಕೋಪ ಬಂದದ್ದು ನಿಜ. ಬೇರೆಯವರ ಗಾಡಿ ಅಂದರೆ ಬೇರೆಯವರ ಜೀವ ಅದರ ಮೇಲೆ ಕೂತಿರುತ್ತದೆ.

ಹೊಸದನ್ನು ಕೂರಿಸಿದ್ದು ಹತ್ತು ನಿಮಿಷದ ಕೆಲಸ. ಎಂಜಿನ್ ಮುಖವನ್ನು ಹತ್ತಿ ಬಟ್ಟೆಯಿಂದ ಒರೆಸಿ, ಬೆರಳಿಂದ ಸುತ್ತ ಸವರಿ ನೋಡಿದೆ. ಕಚ್ಚು ಇರಲಿಲ್ಲ. ಸ್ಟಡ್ ಅಲ್ಲೇ ಗಟ್ಟಿಯಾಗಿತ್ತು, ಥ್ರೆಡ್ ಸರಿ ಇತ್ತು. ಕೆಲವು ಸಲ ಫಿಲ್ಟರ್ ಜೊತೆ ಸ್ಟಡ್ಡೂ ಬಿಚ್ಚಿಕೊಂಡು ಬರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಹೊಸ ಆಯಿಲ್‌ನಲ್ಲಿ ಬೆರಳು ಅದ್ದಿ ರಿಂಗ್ ಸುತ್ತ ಸವರಿದೆ. ಕೈಯಲ್ಲೇ ತಿರುಗಿಸಿದೆ. ರಿಂಗ್ ಎಂಜಿನ್‌ಗೆ ತಾಗಿದಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು. ಈ ಥರದ ಫಿಲ್ಟರ್‌ಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕವೇ ಅದು. ಚಿಕ್ಕಪ್ಪನೂ ಹಿಡಿದು ನೋಡಿ, "ಸಾಕು" ಅಂದರು.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. 10ಡಬ್ಲ್ಯೂ-50 ಆಯಿಲ್, ಸುಮಾರು 3 ಲೀಟರ್. ಒಂದೇ ಸಲ ಪೂರ್ತಿ ಸುರಿಯದೆ, ಸ್ವಲ್ಪ ಕಡಿಮೆ ಹಾಕಿ ಸ್ಟಾರ್ಟ್ ಮಾಡಿದೆ. ಮೀಟರಿನಲ್ಲಿರುವ ಆಯಿಲ್ ದೀಪ ಎರಡು ಮೂರು ಸೆಕೆಂಡ್ ಉರಿದು ಆರಿತು. ಅಷ್ಟು ಹೊತ್ತೂ ಉಸಿರು ಬಿಗಿ ಹಿಡಿದಿದ್ದೆ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಇಳಿಯುವವರೆಗೆ ಕಾದು, ಎಂಜಿನ್ ಪಕ್ಕದ ಗಾಜಿನ ಕಿಂಡಿಯಲ್ಲಿ ಮಟ್ಟ ನೋಡಿ ಉಳಿದದ್ದನ್ನು ಸೇರಿಸಿದೆ. ಬಿಳಿ ಬಟ್ಟೆಯಿಂದ ಫಿಲ್ಟರ್ ಬುಡ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಬಂತು.

ಹಳೆ ಆಯಿಲನ್ನು ಖಾಲಿ ಡಬ್ಬಿಗಳಿಗೆ ತುಂಬಿ ಬೆಂಗಳೂರಿಗೆ ತಂದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟೆ. ಊರಲ್ಲಿ ಇದನ್ನು ಗೆದ್ದಲು ಬಾರದಿರಲಿ ಅಂತ ಕಂಬಗಳಿಗೆ ಬಳಿಯುತ್ತಾರೆ, ಉಳಿದದ್ದನ್ನು ಬೇಲಿ ಬುಡಕ್ಕೆ ಸುರಿಯುತ್ತಾರೆ. ನಮ್ಮ ಬಾವಿ ಇರುವುದು ಕೊಟ್ಟಿಗೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಅಲ್ಲಿ ಸುರಿಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಎಣ್ಣೆ ಹಿಡಿದ ಹಾಳೆಯನ್ನೂ ಗೊಬ್ಬರಗುಂಡಿಗೆ ಹಾಕದೆ ಚೀಲದಲ್ಲಿ ಕಟ್ಟಿ ತಂದೆ.

ಬೆಳಿಗ್ಗೆ ಆರಕ್ಕೆ ಹೊರಟೆ. ಶಿವಮೊಗ್ಗದಲ್ಲಿ ನಿಲ್ಲಿಸಿ ಒಂದು ಸಲ, ಅರಸೀಕೆರೆಯಲ್ಲಿ ಇನ್ನೊಂದು ಸಲ ಬಗ್ಗಿ ನೋಡಿದೆ. ಒಣಗಿತ್ತು. ಹೊಸ ಫಿಲ್ಟರ್ ಡಬ್ಬಿಯ ಮೇಲೆ ಬಿಳಿ ಪೇಂಟ್ ಪೆನ್‌ನಿಂದ ತಾರೀಕು, ಕಿಲೋಮೀಟರ್ ಬರೆದಿದ್ದೆ. ಅದರ ಕೆಳಗೆ ದೊಡ್ಡದಾಗಿ ಇನ್ನೂ ಒಂದು ಸಾಲು: "ಕೈಯಲ್ಲಿ ಬಿಗಿ ಮಾಡಿದ್ದು. ಸ್ಪ್ಯಾನರ್ ಹಾಕಬೇಡಿ." ಮುಂದಿನ ಸಲ ಅದನ್ನು ಬಿಚ್ಚುವುದು ನಾನೇ ಆಗಿರಲಿ, ಬೇರೆ ಯಾರೇ ಆಗಿರಲಿ, ಮೊದಲು ಕಣ್ಣಿಗೆ ಬೀಳುವುದು ಅದೇ. ಬೆಲ್ಟ್ ಕಟ್ಟಿದ ಆ ರಾಡನ್ನು ಚಿಕ್ಕಪ್ಪ ಬಿಚ್ಚಲಿಲ್ಲ. ಕೊಟ್ಟಿಗೆಯ ಗೋಡೆಗೆ, ಕತ್ತಿ ನೇತು ಹಾಕುವ ಮೊಳೆಯ ಪಕ್ಕ, ಇನ್ನೊಂದು ಮೊಳೆ ಹೊಡೆದು ತೂಗು ಹಾಕಿದ್ದಾರೆ.